ನಾಲ್ಕೂವರೆಯ ಫೋನು

“ಇನ್ನೊಮ್ಮೆ ಹೇಳ್ರಿ.”

“ಏನ್ರೀ?”

“ಹೆಸರು. ಈಗ ಹ್ಯಾಂಗ ಹೇಳಿದ್ರಿ, ಹಂಗ ಇನ್ನೊಮ್ಮೆ ಹೇಳ್ರಿ.”

ಉಜ್ವಲಾಗೆ ಸಿಟ್ಟು ನೆತ್ತಿಗೇರಿತು. ಬನಹಟ್ಟಿಯಿಂದ ಜಮಖಂಡಿಯವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಆಸ್ಪತ್ರೆಯ ಮೂಲೆಯಲ್ಲಿ ಒಂದು ಮೇಜು, ಅದರ ಹಿಂದೆ ಒಂದು ಬೋರ್ಡು: ‘ಕ್ಯಾನ್ಸರ್ ಮಾಹಿತಿ. ರೋಗಿಗಳು, ಮನೆಯವರು ಏನು ಬೇಕಾದರೂ ಕೇಳಬಹುದು.’ ಹಾಗೆ ಬರೆದುಕೊಂಡು ಕೂತವನು ಈಗ ಅವಳನ್ನೇ ವಿಚಾರಣೆ ಮಾಡುತ್ತಿದ್ದಾನೆ!

“ನಾ ಬನಹಟ್ಟಿ ಉಜ್ವಲಾ ರೀ.”

ಅವನ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಬಿತ್ತು. ಮೂವತ್ತರ ಆಸುಪಾಸಿನ ಗಂಡಸು. ಎದೆಯ ಮೇಲಿನ ಬಿಲ್ಲೆಯಲ್ಲಿ ‘ಸಿದ್ದಾರೂಢ’ ಎಂದಿತ್ತು. ಅವನು ಅವಳ ಮುಖ ನೋಡಿದ ರೀತಿಗೆ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ನಿಮಗ ಮಾಹಿತಿ ಬೇಕೇನ್ರಿ? ನಿಮಗ?” ಅವನು ನಕ್ಕ. ಅಂಥ ಕೆಟ್ಟ ನಗುವನ್ನು ಅವಳು ಅದುವರೆಗೆ ನೋಡಿರಲಿಲ್ಲ.

‘ಏನ್ ಮನುಷಾ ಇವ! ನಾ ಇವಗ ಏನ ಮಾಡೀನಿ?’

ಮಾಡಿದ್ದಳು. ಆದರೆ ಅದು ಅವಳಿಗೆ ಗೊತ್ತಿರಲಿಲ್ಲ.

ಆದರೂ ಹೇಳಿದಳು. ಅವ್ವ ಸಾವಿತ್ರೆವ್ವನ ನಾಲಿಗೆಯ ಅಂಚಿನಲ್ಲಿ ಹುಣ್ಣು. ಅವ್ವ ಮೂವತ್ತು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಹಲ್ಲಿಗೆ ತಿಕ್ಕುತ್ತಾಳೆ. ಊರಿನ ಹಲ್ಲಿನ ಡಾಕ್ಟರು ನೋಡಿ ಮುಖ ಸಣ್ಣದು ಮಾಡಿಕೊಂಡು ಇಲ್ಲಿಗೆ ಕಳಿಸಿದ್ದಾರೆ. ಫೋನಿನಲ್ಲಿ ಹುಡುಕಿದರೆ ಒಬ್ಬ ವರ್ಷದೊಳಗೆ ಸಾವು ಅನ್ನುತ್ತಾನೆ, ಇನ್ನೊಬ್ಬ ಮೂರು ದಿನದಲ್ಲಿ ಗುಣ ಅನ್ನುತ್ತಾನೆ.

“ಯಾರನ್ನ ನಂಬಬೇಕ್ರಿ?”

ಸಿದ್ದಾರೂಢ ಪೆನ್ನು ಎತ್ತಿಕೊಂಡ. ಕೆಲಸದಲ್ಲಿ ಮಾತ್ರ ಅವನು ಮೋಸ ಮಾಡಲಿಲ್ಲ.

“ಮೂರ ವಾರದಾಗ ಮಾಯದ ಹುಣ್ಣ ಅಂದ್ರ ತೋರಸಬೇಕು. ಮಿಶ್ರಿ ಇವತ್ತ ಬಂದ್ ಆಗಬೇಕು. ಡಾಕ್ಟರು ಒಂದ ಸಣ್ಣ ಚೂರ ತಗದ ಪರೀಕ್ಷೆಗೆ ಕಳಸ್ತಾರ, ಬಯಾಪ್ಸಿ ಅಂತಾರ. ಅದರ ರಿಪೋರ್ಟ್ ಬರೋಮಟಾ ಕ್ಯಾನ್ಸರ್ ಹೌದು, ಅಲ್ಲ ಅಂತ ಯಾರೂ ಹೇಳಾಕ ಬರೂದಿಲ್ಲ. ಸೋಮವಾರ ಕರಕೊಂಡ ಬರ್ರಿ.”

ಅವಳ ಫೋನ್ ನಂಬರು ಬರೆದುಕೊಂಡು, ಚೀಟಿ ಅವಳತ್ತ ತಳ್ಳಿ, ಕಣ್ಣೆತ್ತದೆ ಸೇರಿಸಿದ:

“ಚುಚ್ಚಿದ್ರ, ಕೊಯ್ದರ ರೋಗ ಮೈತುಂಬ ಹಬ್ಬತೈತಿ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ಎಷ್ಟ ಛಂದ ದನೀಲೆ ಹೇಳಿದ್ರೂ ನಂಬಬ್ಯಾಡ್ರಿ!”

*

ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ಮಾತು ಕೇಳಿಸುವುದಿಲ್ಲ. ಇಪ್ಪತ್ತು ಪವರ್‌ಲೂಮ್ ಒಟ್ಟಿಗೆ ಓಡುವಾಗ ಕೂಗಿದರೂ ಪಕ್ಕದವರಿಗೆ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿಯವರು ತುಟಿ ನೋಡುತ್ತಾರೆ. ಆ ತುದಿಯಲ್ಲಿ ಒಬ್ಬಳು ಸದ್ದಿಲ್ಲದೆ ಬಾಯಿ ಆಡಿಸಿದರೆ ಈ ತುದಿಯಲ್ಲಿ ಇನ್ನೊಬ್ಬಳು ನಗುತ್ತಾಳೆ. ಸಾವಿತ್ರೆವ್ವ ಹೀಗೆ ಮೂವತ್ತು ವರ್ಷ ಹರಟೆ ಹೊಡೆದವಳು. ಅಲ್ಲೇ ಕಂಡಿಕೆಯ ಉರುಳೆಗೆ ನೂಲು ಸುತ್ತುತ್ತ ಬೆಳೆದ ಉಜ್ವಲಾಗೆ ಅಕ್ಷರಕ್ಕಿಂತ ಮೊದಲು ತುಟಿ ಓದಲು ಬಂದಿತ್ತು.

ಅಂದು ಶೆಡ್ಡಿನಲ್ಲಿ ಅವ್ವ ತುಟಿಯಲ್ಲೇ ಹೇಳಿದಳು: ‘ನಾ ಬರೂದಿಲ್ಲ.’

‘ಯಾಕ ಬೇ?’

‘ಚುಚ್ಚಿಸಿಕೊಳ್ಳೂದಿಲ್ಲ.’

ಸಂಜೆ ಮನೆಗೆ ಸೋದರಮಾವ ಶಿದ್ರಾಮಪ್ಪ ಬಂದ. ಫೋನು ತೆಗೆದು ಮಂಚದ ಮೇಲಿಟ್ಟ. “ಅಕ್ಕಗ ಸುಮ್ಮನ ಜುಲುಮಿ ಮಾಡಬ್ಯಾಡ. ತಿಳಿದವರ ಹೇಳಿದ್ದ ಕೇಳು.”

ಫೋನಿನಿಂದ ಜೇನಿನಂಥ ದನಿ ಹೊರಟಿತು.

“ಅಕ್ಕಂದಿರ, ಅವ್ವಂದಿರ... ನಾ ಬನಹಟ್ಟಿ ಉಜ್ವಲಾ ಮಾತಾಡಾಕತ್ತೇನಿ. ಮೈಯಾಗ ಎಲ್ಲೇ ಗಂಟ ಇದ್ರೂ ಡಾಕ್ಟರ ಕೈಗೆ ಕೊಡಬ್ಯಾಡ್ರಿ. ಸೂಜಿ ಚುಚ್ಚಿದ್ರ, ಕತ್ತರಿ ತಾಗಿದ್ರ ಅದು ಮೈತುಂಬ ಹಬ್ಬತೈತಿ. ನಲವತ್ತೊಂದ ದಿನಾ ಪಪ್ಪಾಯಿ ಎಲಿ ರಸಾ ಕುಡೀರಿ...”

ಉಜ್ವಲಾ ಫೋನು ಕಸಿದು ನಿಲ್ಲಿಸಿದಳು. ಅದು ಅವಳದೇ ದನಿ.

ಎರಡು ವರ್ಷದ ಹಿಂದಿನ ಮಾತು. ಓಣಿಯ ಹೆಂಗಸರಿಗೆ ಓದಲು ಬರುವುದಿಲ್ಲ, ಕೈಗೆ ಬಿಡುವಿಲ್ಲ. ಓಣಿಯ ವಾಟ್ಸಾಪ್ ಗ್ರೂಪಿಗೆ ಬಂದದ್ದನ್ನೆಲ್ಲ ಉಜ್ವಲಾ ಓದಿ ದನಿಯಲ್ಲಿ ಹಾಕುತ್ತಿದ್ದಳು. ಅಡುಗೆ, ಹಾಡು, ಪಡಿತರದ ಸುದ್ದಿ, ಮನೆಮದ್ದು... ಯಾರು ಬರೆದದ್ದು, ಖರೆಯೋ ಸುಳ್ಳೋ ಎಂದು ಒಂದು ಸಲವೂ ಕೇಳಲಿಲ್ಲ. ‘ಏನ್ ಛಂದ ಓದ್ತೀ ಉಜ್ಜಿ!’ ಎಂದವರು ಮೂವತ್ತು ಜನ. ಅಷ್ಟು ಸಾಕಾಗಿತ್ತು ಅವಳಿಗೆ!

“ಯವ್ವಾ... ಇದು ಸುಳ್ಳ ಐತಿ. ಯಾರೋ ಬರದಿದ್ದನ್ನ ನಾ ಸುಮ್ಮನ ಓದಿದ್ದೆ.”

ಸಾವಿತ್ರೆವ್ವ ಮಗಳನ್ನೇ ನೋಡಿದಳು. “ಹುಣ್ಣ ಎದ್ದ ಐದ ತಿಂಗಳಾತು. ನೀ ಹೇಳಿದ್ದ ನಂಬಿ ಮುಚ್ಚಿಕೊಂಡ ಕುಂತೀನಿ. ಆವಾಗ ಸುಳ್ಳ ಹೇಳಿದ್ಯೋ, ಈಗ ಸುಳ್ಳ ಹೇಳಾಕತ್ತೀಯೋ?”

ಐದು ತಿಂಗಳು! ಉಜ್ವಲಾ ಹಿತ್ತಲಿಗೆ ಓಡಿಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

*

ಸೋಮವಾರ ಅವರು ಹೋಗಲಿಲ್ಲ. ಮಂಗಳವಾರ ಸರಿಯಾಗಿ ನಾಲ್ಕೂವರೆಗೆ, ಚಹಾಕ್ಕೆಂದು ಮಗ್ಗ ನಿಲ್ಲಿಸಿದ ಹೊತ್ತಿಗೆ, ಫೋನು ಬಂತು.

“ಸಿದ್ದಾರೂಢ ಮಾತಾಡಾಕತ್ತೇನಿ. ಯಾಕ ಬರಲಿಲ್ಲ?”

“ಅವ್ವ ಒಲ್ಲೆ ಅಂತಾಳ್ರಿ...”

“ಹುಣ್ಣ ನಿಮ್ಮವ್ವನ್ನ ಕೇಳಿ ಬೆಳ್ಯಾಕತ್ತಿಲ್ಲ.”

ಟಕ್. ಕರೆ ಕಡಿದ.

ಮರುದಿನವೂ ನಾಲ್ಕೂವರೆ. ಅದರ ಮರುದಿನವೂ. ಒಂದು ಒಳ್ಳೆಯ ಮಾತಿಲ್ಲ, ‘ಹ್ಯಾಂಗಿದ್ದೀರಿ’ ಇಲ್ಲ. ಆರನೆಯ ದಿನ ಅವಳ ತಾಳ್ಮೆ ಹರಿಯಿತು.

“ನಿಮಗೇನ್ರಿ, ಕುರ್ಚ್ಯಾಗ ಕುಂತ ಮಾತಾಡೂದು! ನಿಮ್ಮ ಮನ್ಯಾಗ ಯಾರರ ಇದರಿಂದ ಸತ್ತಿದ್ರ ಗೊತ್ತಾಗತಿತ್ತು ನಿಮಗ!”

ಆ ಕಡೆಯಿಂದ ಬಂದದ್ದು ಇಷ್ಟೇ:

“ಬಿಸಿ, ಖಾರ ಕೊಡಬ್ಯಾಡ್ರಿ. ಗಂಜಿ, ಮೊಸರು ಆರಿಸಿ ಕೊಡ್ರಿ. ನುಂಗಾಕ ತ್ರಾಸ ಆದ್ರ, ರಕ್ತ ಬಂದ್ರ ಸೋಮವಾರದ ತನಕ ಕಾಯಬ್ಯಾಡ್ರಿ, ಅವತ್ತ ಬರ್ರಿ.”

ಅಂದಿನಿಂದ ಅವಳ ಸಿಟ್ಟು ಯಾಕೋ ಇಳಿಯಿತು. ಅವನು ಬೈಯುತ್ತಿದ್ದರೂ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇಡುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ, ಡಾಕ್ಟರನ್ನ ಕೇಳಿ ನಾಳೆ ಹೇಳ್ತೇನಿ’ ಎನ್ನುತ್ತಿದ್ದ. ಮರುದಿನ ಖರೆಯೇ ಕೇಳಿ ಬಂದಿರುತ್ತಿದ್ದ! ಫೋನಿನಲ್ಲಿ ಎಲ್ಲ ಗೊತ್ತಿದೆ ಎನ್ನುವವರನ್ನೇ ಕೇಳಿ ಸೋತಿದ್ದ ಅವಳಿಗೆ ಅವನ ಆ ‘ಗೊತ್ತಿಲ್ಲ’ ಬಹಳ ಹಿಡಿಸಿತು. ನೂಲಿನ ಡಬ್ಬಿಯ ರಟ್ಟಿನ ಹಿಂದೆ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಅವನೇ ಒಂದೊಂದಾಗಿ ಬರೆಸಿದ. ‘ಯಾವ ಹಂತ? ಏನೇನು ಚಿಕಿತ್ಸೆ? ಆಮೇಲೆ ಊಟ, ಮಾತು ಹೇಗೆ?’

ಇಪ್ಪತ್ತನೆಯ ದಿನ ಅವನು ಅಂದ: “ಫೋನ್ ಅವ್ವಾರ ಕೈಗೆ ಕೊಟ್ಟ ನೀವು ದೂರ ಹೋಗ್ರಿ.”

ಸಾವಿತ್ರೆವ್ವ ಫೋನು ಕಿವಿಗೆ ಒತ್ತಿಕೊಂಡು ಹತ್ತು ನಿಮಿಷ ಸುಮ್ಮನೆ ಕೇಳಿದಳು. ಅವಳು ಮಾತಾಡಲಿಲ್ಲ, ಹಾಗಾಗಿ ಉಜ್ವಲಾಗೆ ಓದಲು ತುಟಿಯೂ ಸಿಗಲಿಲ್ಲ. ಕೊನೆಗೆ ಅವ್ವ ಫೋನು ವಾಪಸು ಕೊಟ್ಟು, “ನಾಳೆ ಹೋಗೂಣು” ಅಂದಳು.

“ಏನ ಹೇಳಿದ್ರ ಬೇ ಅವರು?”

“ಅವನ ಸಂಗ್ತಿ. ನಿನಗ್ಯಾಕ?”

ಅಂದು ನೂಲು ಸುತ್ತುವಾಗ ಉಜ್ವಲಾಗೆ ಒಂದೇ ಯೋಚನೆ. ‘ದೇವರ, ಇವರ ದನಿ ಒಂದಿನ ಕೇಳದಿದ್ರ ನನಗ ಹಿಂಗ್ಯಾಕ ಆಗತೈತಿ!’

*

ಬಯಾಪ್ಸಿ ಮುಗಿಯಿತು. ಅವ್ವನನ್ನು ಬೆಂಚಿನ ಮೇಲೆ ಕೂರಿಸಿ ಉಜ್ವಲಾ ಅವನ ಮೇಜಿಗೆ ಬಂದಳು. ಇಷ್ಟು ಮಾಡಿದವನಿಗೆ ಸುಳ್ಳಿನ ಮುಖ ಇಟ್ಟುಕೊಂಡು ಧನ್ಯವಾದ ಹೇಳುವುದು ಅವಳಿಂದಾಗಲಿಲ್ಲ.

“ಒಂದ ಮಾತ ಹೇಳಬೇಕ್ರಿ. ನಮ್ಮವ್ವ ಐದ ತಿಂಗಳ ಸುಮ್ಮನ ಕುಂತಿದ್ದು ಒಂದ ಆಡಿಯೋ ಕೇಳಿ. ಆ ಆಡಿಯೋ ನಂದ್ರಿ...”

“ಗೊತ್ತೈತಿ.”

“ಆಂ?”

“ಮೊದಲನೇ ದಿನಾನ ಗೊತ್ತಾತು.”

ಅವನು ಡ್ರಾಯರಿನಿಂದ ಹಳೆಯ ಫೋನೊಂದನ್ನು ತೆಗೆದ. ಗಾಜು ಒಡೆದಿತ್ತು. ಒಂದು ಗುಂಡಿ ಒತ್ತಿದ.

“ಅಕ್ಕಂದಿರ, ಅವ್ವಂದಿರ... ನಾ ಬನಹಟ್ಟಿ ಉಜ್ವಲಾ...”

“ಬಂದ್ ಮಾಡ್ರಿ!” ಅವಳು ಕಿವಿ ಮುಚ್ಚಿಕೊಂಡಳು.

“ಕೇಳ್ರಿ. ನಾ ನೂರ ಸಲ ಕೇಳೀನಿ.” ಅವನ ದನಿಯಲ್ಲಿ ಏರಿಳಿತವೇ ಇರಲಿಲ್ಲ. “ಇದು ನಮ್ಮವ್ವನ ಫೋನು. ಯಲ್ಲಕ್ಕ, ತುಬಚಿಯಾಕಿ. ಎದ್ಯಾಗ ಗಂಟಿತ್ತು. ಕುರಿ ಮೇಸಾಕ ಹೋದಲ್ಲೆ ಇದನ್ನ ಹಚ್ಚಿಕೊಂಡ ಕೇಳತಿದ್ಳು. ನಾಕ ತಿಂಗಳ ಪಪ್ಪಾಯಿ ರಸಾ ಕುಡದ್ಳು. ನನಗ ಗೊತ್ತಾಗೂದ್ರಾಗ ಅದು ಎಲುಬಿಗೆ ಇಳದಿತ್ತು. ಅಕಿ ಹೋದ ಮ್ಯಾಲ ನಾ ಈ ಮೇಜಿಗೆ ಬಂದ ಕುಂತೇನಿ.”

ಉಜ್ವಲಾಗೆ ಆರನೆಯ ದಿನ ತಾನು ಅಂದ ಮಾತು ನೆನಪಾಯಿತು. ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸಿತು.

“ಸಾಯೋ ಮುಂದನೂ ನಿಮ್ಮನ್ನ ಬೈಲಿಲ್ರಿ ಅಕಿ. ‘ಆ ಹುಡುಗಿ ಏನ್ ಛಂದ ಮಾತಾಡ್ತಾಳೋ’ ಅಂದ್ಳು.”

“ನಮ್ಮವ್ವಗ ಇದನ್ನ...”

“ನಮ್ಮವ್ವನ ಸಂಗ್ತಿ ಹೇಳೀನಿ. ದನಿ ಯಾರದು ಅಂತ ಹೇಳಿಲ್ಲ.”

ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯಿತು. ಬೈದು, ಸಿಡುಕಿ, ಕಡೆಗೂ ಅವ್ವನ ಮುಂದೆ ಅವಳ ಮಾನ ಕಾದಿದ್ದ!

“ನಿಮ್ಮ ದನಿ ಕೇಳಿದ್ರ ನನ್ನ ಹೊಟ್ಟಿ ಉರೀತೈತಿ,” ಅವನು ಹೇಳಿದ. “ಮತ್ತ ನಾಕೂವರಿ ಆತಂದ್ರ ಅದ ದನಿ ಕೇಳಬೇಕ ಅನಸತೈತಿ. ನನಗ ನನ್ನ ಕಂಡ್ರ ಹೇಸಿಗಿ ಬರಾಕತ್ತೇತಿ. ನಾಳೆಯಿಂದ ಅಕ್ಷತಾ ಸಿಸ್ಟರ್ ಫೋನ್ ಮಾಡ್ತಾರ. ನಾ ಮಾಡೂದಿಲ್ಲ.”

“ಸಿದ್ದಾರೂಢ...”

“ಹೋಗ್ರಿ. ಹಿಂದ ಮಂದಿ ನಿಂತಾರ.”

ಖರೆಯೇ ನಿಂತಿದ್ದರು. ಅವಳು ಪಕ್ಕಕ್ಕೆ ಸರಿದಳು.

*

ರಿಪೋರ್ಟು ಬಂತು. ಡಾಕ್ಟರ ಕೋಣೆಗೆ ಉಜ್ವಲಾ, ಶಿದ್ರಾಮಪ್ಪ ಮಾತ್ರ ಹೋದರು. ಅವ್ವ ಹೊರಗೆ ಬೆಂಚಿನ ಮೇಲೆ. ನಡುವೆ ಗಾಜಿನ ಬಾಗಿಲು.

“ಅಕ್ಕನ ಮುಂದ ಆ ಹೆಸರ ಎತ್ತಬ್ಯಾಡ್ರಿ ಸಾಹೇಬ್ರ,” ಮಾವ ಕೈಮುಗಿದ. “ಬರೇ ಹುಣ್ಣಂತ ಹೇಳೂಣು. ನೀನೂ ಅಷ್ಟ, ಉಜ್ಜಿ. ಆಣಿ ಮಾಡು.”

ಅವಳು ತಲೆ ಆಡಿಸಿದಳು. ಹೆದರಿದ್ದಳು ಪಾಪ, ಇನ್ನೇನು ಮಾಡಿಯಾಳು!

ಡಾಕ್ಟರು ರಿಪೋರ್ಟು ತಿರುವಿದರು. “ಕ್ಯಾನ್ಸರ್ ಇದೆ. ನಾಲಿಗೆ ಅರ್ಧಕ್ಕಿಂತ ಹೆಚ್ಚು ತೆಗೀಬೇಕಾಗುತ್ತೆ. ಕುತ್ತಿಗೆಯ ಗಂಟುಗಳನ್ನೂ ತೆಗೀಬೇಕು, ಆಮೇಲೆ ರೇಡಿಯೇಶನ್. ಜೀವ ಉಳಿಯೋ ಅವಕಾಶ ಇನ್ನೂ ಇದೆ. ಮಾತು ಮಾತ್ರ ಮೊದಲಿನ ಹಾಗೆ ಬರೋದಿಲ್ಲ. ಐದು ತಿಂಗಳ ಹಿಂದೆ ಬಂದಿದ್ದರೆ ಬಹುಶಃ ಸಣ್ಣ ಆಪರೇಶನ್ ಸಾಕಾಗುತ್ತಿತ್ತು.”

ವಾಪಸು ಬಸ್ಸಿನಲ್ಲಿ ಸಾವಿತ್ರೆವ್ವ ಕಿಟಕಿಯ ಕಡೆ ಕೂತಿದ್ದಳು. ಉಜ್ವಲಾ ನಗುಮುಖ ಮಾಡಿಕೊಂಡು, “ಬರೇ ಹುಣ್ಣಂತ ಬೇ. ಸಣ್ಣ ಆಪರೇಶನ್...” ಎಂದಳು.

“ಅರ್ಧ ನಾಲಿಗಿ ತಗದ್ರ ಸಣ್ಣದೇನ ಅದು?”

ಉಜ್ವಲಾ ಥಟ್ಟನೆ ಅವ್ವನತ್ತ ತಿರುಗಿದಳು.

“ಮೂವತ್ತ ವರ್ಷ ಮಗ್ಗದ ಮುಂದ ನಿಂತಾಕಿ ನಾ. ಗಾಜಿನ ಹಿಂದ ಮಾತಾಡಿದ್ರ ನನಗ ತಿಳೂದಿಲ್ಲಂತ ತಿಳಕೊಂಡ್ರೇನ? ಡಾಕ್ಟರನ ಬಾಯಿ ನೋಡಿದೆ. ನೀ ಅತ್ತಿದ್ದನೂ ನೋಡಿದೆ.”

“ಯವ್ವಾ...”

“ಆ ಹುಡುಗನ ಬಾಯೀನೂ ನೋಡಿದ್ದೆ ಉಜ್ಜಿ, ಬಯಾಪ್ಸಿ ದಿನಾ, ಬೆಂಚಿನ ಮ್ಯಾಲ ಕುಂತು. ಯಲ್ಲಕ್ಕ ಯಾರ ಮಾತ ಕೇಳಿ ಸತ್ತಳಂತ ನನಗ ಗೊತ್ತೈತಿ.” ಅವ್ವ ಅವಳತ್ತ ತಿರುಗಿದಳು. “ಮೊದಲ ಗೊತ್ತಿಲ್ಲದ ಸುಳ್ಳ ಹೇಳಿದಿ. ಈಗ ಗೊತ್ತಿದ್ದೂ ಹೇಳಾಕತ್ತಿ. ನನ್ನ ನಾಲಿಗಿ ಹೋಗೂದ ಹೋಗತೈತಿ. ನಿನ್ನದ ಐತೆಲ್ಲ... ಅದರಿಂದ ಒಂದಸಲಾ ಖರೆ ಹೇಳು.”

ದಾರಿಯಲ್ಲಿ ಸಿಕ್ಕ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ತಾಯಿ ಮಗಳು ಕೈ ಹಿಡಿದುಕೊಂಡು ಕೂತಿದ್ದರು. ಬೆಲ್ಲದ ಪೆಂಟೆ ಹೊತ್ತವರು ಹತ್ತಿದರು, ಇಳಿದರು.

ಮರುದಿನ ಅವಳು ಗ್ರೂಪಿಗೆ ಹೊಸ ಆಡಿಯೋ ಹಾಕಿದಳು.

“ಅಕ್ಕಂದಿರ, ಅವ್ವಂದಿರ... ನಾ ಬನಹಟ್ಟಿ ಉಜ್ವಲಾ. ಎರಡ ವರ್ಷದ ಹಿಂದ ನಾ ಹೇಳಿದ್ದ ಸುಳ್ಳ. ಸೂಜಿಯಿಂದ ರೋಗ ಹಬ್ಬೂದಿಲ್ಲ. ನನ್ನ ಮಾತ ನಂಬಿ ತುಬಚಿ ಯಲ್ಲಕ್ಕ ಅನ್ನೂ ತಾಯಿ ದವಾಖಾನಿಗೆ ಹೋಗಲಿಲ್ಲ, ಸತ್ಲು. ನಮ್ಮವ್ವ ನಾಲಿಗಿ ಕಳಕೊಳ್ಳಾಕತ್ತಾಳ. ಗಂಟ, ಹುಣ್ಣ ಇದ್ರ ಮುಚ್ಚಿಡಬ್ಯಾಡ್ರಿ. ಫೋನಿನ ಮಾತ ನಂಬಬ್ಯಾಡ್ರಿ, ನನ್ನದನೂ ನಂಬಬ್ಯಾಡ್ರಿ. ಡಾಕ್ಟರಿಗೆ ತೋರಸ್ರಿ.”

‘ಕೊಲೆಗಾರ್ತಿ’ ಎಂದಳು ಒಬ್ಬಳು. ‘ಸ್ವಂತ ಅವ್ವನ್ನ ತಿಂದಾಕಿ’ ಎಂದಳು ಇನ್ನೊಬ್ಬಳು. ಹನ್ನೊಂದು ಜನ ಗ್ರೂಪು ಬಿಟ್ಟರು. ‘ಏನ್ ಛಂದ ಓದ್ತೀ’ ಎಂದಿದ್ದ ಆ ಮೂವತ್ತು ಜನರಲ್ಲಿ ಒಬ್ಬಳೂ ಅದನ್ನು ಮುಂದೆ ಕಳಿಸಲಿಲ್ಲ. ಓದುಗರೇ, ಸುಳ್ಳಿಗೆ ಅವರೆಲ್ಲ ಬೆರಳು ಸವೆಸಿದ್ದರು ಅನ್ನುವುದನ್ನು ಮರೆಯಬೇಡಿ!

*

ಎರಡು ತಿಂಗಳು ಕಳೆಯಿತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಸಾವಿತ್ರೆವ್ವ ಉಳಿದಳು. ಬಾಯಿಂದ ಈಗ ಬರುವುದು ಉಸಿರಿನಂಥ ಸದ್ದು ಮಾತ್ರ. ಮನೆಗೆ ಬಂದವರು ಅರ್ಥವಾಗದೆ ಮುಖ ತಿರುಗಿಸುತ್ತಿದ್ದರು. ಮಗಳಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ತುಟಿಗಳು ಅವೇ ಇದ್ದವಲ್ಲ.

ಅಕ್ಷತಾ ಸಿಸ್ಟರ್ ಫೋನು ಬೆಳಿಗ್ಗೆ ಬರುತ್ತಿತ್ತು. ಒಳ್ಳೆಯವರು. ಆದರೂ ನಾಲ್ಕೂವರೆಗೆ ಮಗ್ಗ ನಿಂತಾಗ ಉಜ್ವಲಾ ಫೋನು ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಅದು ಹೊಡೆಯುತ್ತಿರಲಿಲ್ಲ.

ಆ ದಿನ ನಾಲ್ಕೂವರೆಗೆ ಇನ್ನೂ ಎರಡು ನಿಮಿಷವಿತ್ತು. ಇಪ್ಪತ್ತೂ ಮಗ್ಗ ಓಡುತ್ತಿದ್ದವು. ಅವ್ವ ಬೇಜಾರು ಕಳೆಯಲು ಅವಳ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತಿದ್ದಳು. ಉಜ್ವಲಾ ಬಗ್ಗಿದ ತಲೆಯನ್ನು ಸುಮ್ಮನೆ ಎತ್ತಿದಳು.

ಶೆಡ್ಡಿನ ಬಾಗಿಲಲ್ಲಿ ಸಿದ್ದಾರೂಢ!

ಕೈಯಲ್ಲಿ ಗಾಜು ಒಡೆದ ಆ ಫೋನು. ಅವಳು ನೋಡಿದ್ದು ಅವನಿಗೆ ಕಾಣಲಿಲ್ಲ. ಆ ಸದ್ದಿಗೆ ಅವನು ತಬ್ಬಿಬ್ಬಾಗಿದ್ದ. ಕುರಿಯ ಹಿಂದೆ ಬೆಳೆದ ತುಬಚಿಯ ಗಂಡಿಗೆ ಮಗ್ಗದ ಹೆಂಗಸರ ವಿದ್ಯೆ ಹೇಗೆ ಗೊತ್ತಿರಬೇಕು? ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದ ಮೇಲೆ ಅವನು ಬಾಯಿ ತೆರೆದ.

‘ಉಜ್ವಲಾ... ನಿಮ್ಮ ಹೊಸಾ ಆಡಿಯೋ ಯಾರ್ಯಾರ ಕೈ ದಾಟಿತೋ, ನಿನ್ನೆ ಅವ್ವನ ಫೋನಿಗೆ ಬಂತು. ದಿನಾ ಅದನ್ನ ಚಾರ್ಜ್ ಮಾಡಿ ಇಡ್ತೇನಿ ನಾ, ಹುಚ್ಚನಂಗ. ಹಳೇದರ ಕೆಳಗ ಬಂದ ಕುಂತೈತಿ. ನೀವು ನಮ್ಮವ್ವನ ಹೆಸರ ಹೇಳಿದ್ರಿ...’

ಅವಳು ಕೈಯಲ್ಲಿದ್ದ ಕಂಡಿಕೆ ಕೆಳಗಿಟ್ಟಳು.

‘ಸಿಟ್ಟ ಹೋಗಿಲ್ಲ. ಅವ್ವನ ಫೋಟೋ ನೋಡಿದಾಗೊಮ್ಮೆ ನಿಮ್ಮನ್ನ ಬೈತೇನಿ. ಬೈದ ಮ್ಯಾಲ ನಿಮ್ಮ ಜೋಡಿ ಮಾತಾಡಬೇಕ ಅನಸತೈತಿ. ನಿಮ್ಮನ್ನ ಬಿಟ್ಟ ಇರಾಕ ಆಗವಲ್ದು ನನಗ. ಇದನ್ನ ನಿಮ್ಮೆದುರ ಹೇಳೂ ಎದಿ ನನಗಿಲ್ಲ. ಇಲ್ಲೆ ಹೇಳಿ ಹೋಗ್ತೇನಿ.’

ಅವನು ಹೊರಡಲು ತಿರುಗಿದ.

ಅವ್ವ ಮಗಳ ತೋಳು ಜಿಗುಟಿದಳು. ಅವಳೂ ಅಷ್ಟನ್ನೂ ಓದಿದ್ದಳು! ಅರ್ಧ ನಾಲಿಗೆಯ ಬಾಯಿ ಆಡಿತು: ‘ಏನ ನೋಡ್ತಿ? ಉತ್ತರಾ ಕೊಡಬೇ!’

ಆಗಲೇ ಮಾಲೀಕರು ಸ್ವಿಚ್ಚು ಇಳಿಸಿದರು. ಚಹಾದ ಹೊತ್ತು. ಇಪ್ಪತ್ತು ಮಗ್ಗವೂ ಒಟ್ಟಿಗೆ ನಿಂತು, ಇಡೀ ಶೆಡ್ಡು ಮೌನವಾಯಿತು.

“ಸಿದ್ದಾರೂಢ!”

ಅವನು ಬೆಚ್ಚಿ ನಿಂತ. “ನಾ... ಅವ್ವಾರ ರೇಡಿಯೇಶನ್ ತಾರೀಕ ಕೇಳಾಕ ಬಂದಿದ್ದೆ ರೀ.”

“ಸುಳ್ಳ ಹೇಳಬ್ಯಾಡ್ರಿ. ಸುಳ್ಳಿಂದ ಏನೇನ ಆಗತೈತಿ ನಮ್ಮಿಬ್ಬರಿಗೂ ಗೊತ್ತೈತಿ.”

“ಅಂದ್ರ... ನಿಮಗ ಕೇಳಿಸ್ತೇನ?”

“ನಾ ಮಗ್ಗದಾಗ ಬೆಳದಾಕಿ. ನನಗ ಕೇಳಿಸೂದ ಬೇಕಿಲ್ಲ.”

ಅವನ ಕಿವಿಯವರೆಗೆ ಕೆಂಪೇರಿತು. ಸುತ್ತಲಿನ ಹೆಂಗಸರು ಚಹಾದ ಲೋಟ ಹಿಡಿದು ಬಾಯಿಗೆ ಸೆರಗು ಒತ್ತಿಕೊಂಡರು. ಅವರಿಗೂ ಕಣ್ಣಿದ್ದವಲ್ಲ!

ಉಜ್ವಲಾ ಅವನ ಹತ್ತಿರ ಹೋಗಿ ನಿಂತಳು.

“ನನ್ನ ಕ್ಷಮಿಸೀರೇನ?”

“ಇಲ್ಲ.”

ಅವಳ ಕಣ್ಣು ತುಂಬಿದವು. “ಮುಂದ ಯಾವಾಗರ?”

“ಗೊತ್ತಿಲ್ರಿ.” ಅವನು ಸುಳ್ಳು ಹೇಳುವವನಲ್ಲ. “ನಾಳೆನೂ ಇದನ್ನ ಹೇಳ್ತೇನೇನೋ.”

“ನಾಳೆ ಬಂದ ಹೇಳ್ರಿ. ನಾಡದು ಬಂದನೂ ಹೇಳ್ರಿ. ನಾ ಎಲ್ಲೂ ಹೋಗೂದಿಲ್ಲ... ನನಗ ನೀವು ಬೇಕು.”

ಅವನು ಅವಳನ್ನೇ ನೋಡಿದ. ಆಮೇಲೆ ಕೈಯಲ್ಲಿದ್ದ ಅವ್ವನ ಫೋನಿನ ಗುಂಡಿ ಒತ್ತಿದ. ಅವಳ ಸೊಂಟದ ಚೀಲದಲ್ಲಿ ರಿಂಗಾಯಿತು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ.

ಎರಡು ಹೆಜ್ಜೆ ದೂರದಲ್ಲಿ ನಿಂತವನ ಕರೆಯನ್ನು ಅವಳು ಎತ್ತಿದಳು.

“ಹಲೋ...”

“ಯಾರು?”

“ನಾ ಬನಹಟ್ಟಿ ಉಜ್ವಲಾ ರೀ.”

ಅವನ ಕಣ್ಣಿಂದ ಒಂದು ಹನಿ ಜಾರಿತು.

“ಇನ್ನೊಮ್ಮೆ ಹೇಳ್ರಿ.”